ಘಟ್ಟದ ಗಾಡಿಯವರ ಸ್ನಾನ

ಮದ್ದಿದೆ ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ನಾನು ಹುಣಸೂರು ಆಸ್ಪತ್ರೆಯ ಬೆಂಚಿನಿಂದ ಎದ್ದು ನಿಂತುಬಿಟ್ಟೆ. ಕೂತುಕೋ ಎಂದರು. ಕೂರುವುದು ಹೇಗೆ? ಎರಡು ಕೂಸುಗಳನ್ನು ಹೊಟ್ಟೆಯಲ್ಲೇ ಕಳೆದುಕೊಂಡವಳು ನಾನು. ಮೂರನೆಯದು ನಾಲ್ಕು ತಿಂಗಳಿನದು ಹೊಟ್ಟೆಯಲ್ಲಿತ್ತು. ಅದು ಬದುಕಬಹುದು ಎಂದರೆ ಯಾವಳು ಕೂರುತ್ತಾಳೆ, ನೀವೇ ಹೇಳಿ.

ನಾನು ಕುಳ್ಳಮ್ಮ, ಕಂಪಲಾಪುರದ ಪಕ್ಕದ ಹಳ್ಳಿಯವಳು. ನನ್ನ ಗಂಡ ಮಾದೇವ ಗಾಡಿ ಹೊಡೆಯುವವನು. ಕಾಫಿ ಕೊಯ್ಲು ಬಂತೆಂದರೆ ನಮ್ಮೂರ ಗಾಡಿಗಳೆಲ್ಲ ಸಾಲಾಗಿ ಕೊಡಗಿನ ಘಟ್ಟ ಹತ್ತಿ, ಬೇಸಿಗೆಯ ಹೊತ್ತಿಗೆ ಇಳಿದು ಬರುತ್ತಿದ್ದವು. ಮನೆಯಲ್ಲಿ ಅತ್ತೆ ಚಿಕ್ಕಬಸಮ್ಮ. ಎರಡನೆಯ ಕೂಸೂ ಹೋದಾಗ ಅವಳು, ನಿನ್ನ ಹೊಟ್ಟೆಯಲ್ಲಿ ಕೊಳೆ ಇದೆ, ಅದಕ್ಕೇ ಏನೂ ನಿಲ್ಲುತ್ತಿಲ್ಲ ಎಂದಳು. ಇದೂ ಹೋದರೆ ಮಗನಿಗೆ ಇನ್ನೊಂದು ಹೆಣ್ಣು ತರುತ್ತೇನೆ ಎಂದೂ ಅಂದಳು. ಬೇವಿನ ಕಷಾಯಕ್ಕೆ ಪಟಿಕ ಹಾಕಿ ಒಳಗೆಲ್ಲ ತೊಳೆದುಕೋ ಎಂದಳು. ನಾನೂ ಮುಠ್ಠಾಳಿ, ದಿನವೂ ತೊಳೆದೆ. ಒಳಗಿನ ಚರ್ಮವೆಲ್ಲ ಹೆರೆದುಹೋಗಿ, ಉಚ್ಚೆಗೆ ಕೂತರೆ ಪ್ರಾಣ ಹೋಗುವಂತೆ ಉರಿಯತೊಡಗಿದಾಗಲೇ ಆಸ್ಪತ್ರೆಯ ನೆನಪಾಗಿದ್ದು.

ಡಾಕ್ಟರಮ್ಮ ಬೈದಿದ್ದೇ ಬೈದಿದ್ದು. ಆ ಜಾಗವನ್ನು ಹೊರಗೆ ಬರೀ ನೀರಲ್ಲಿ ತೊಳೆದರೆ ಸಾಕು, ಮುಟ್ಟಿನ ಬಟ್ಟೆಯನ್ನು ಮೂಲೆಯಲ್ಲಿ ಬಚ್ಚಿಡದೆ ಬಿಸಿಲಿಗೆ ಹಾಕಿ ಒಣಗಿಸಬೇಕು, ಒಳಗೆ ಕಷಾಯ ಗಿಷಾಯ ಏನೂ ಕೂಡದು, ಒಳಗಿನದನ್ನು ಮೈಯೇ ನೋಡಿಕೊಳ್ಳುತ್ತದೆ ಎಂದರು. ಹಿಂದಿನ ಕೂಸುಗಳ ವಿಷಯ ಕೇಳಿದ ಮೇಲೆ ಅವರ ಮುಖ ಬೇರೆಯಾಯಿತು. ತೋಳಿಂದ ರಕ್ತ ತೆಗೆದು ಮೈಸೂರಿಗೆ ಕಳಿಸಿದರು. ಅವತ್ತು ಅದರ ಫಲ ತಿಳಿಯಲು ಬಂದಿದ್ದೆ.

ಪರಂಗಿ ರೋಗ, ಇಂಗ್ಲಿಷಿನಲ್ಲಿ ಸಿಫಿಲಿಸ್ ಎಂದರು. ನನಗೆ ಪಿತ್ತ ನೆತ್ತಿಗೇರಿತು. ದಿನಕ್ಕೆರಡು ಸಲ ಮೈ ತೊಳೆಯುವವಳು ನಾನು, ನನಗೆಲ್ಲಿಂದ ಬರಬೇಕು ಎಂದು ಜೋರು ಮಾಡಿದೆ. ಅವರು ಸಿಟ್ಟಾಗಲಿಲ್ಲ. ಇದು ಕೊಳೆಯಿಂದ ಬರುವುದಲ್ಲ, ಕೂಡುವಾಗ ಮೈಯಿಂದ ಮೈಗೆ ದಾಟುತ್ತದೆ, ಚೊಕ್ಕಟವಾಗಿರುವವರನ್ನೂ ಬಿಡುವುದಿಲ್ಲ ಎಂದರು. ಮೊದಲು ಒಂದು ಗಾಯ ಏಳುತ್ತದೆ, ನೋವಿರುವುದಿಲ್ಲ, ತಾನಾಗಿಯೇ ಮಾಯುತ್ತದೆ. ಗಾಯ ಹೋಯಿತು, ರೋಗ ಹೋಯಿತು ಎಂದುಕೊಳ್ಳುತ್ತಾರೆ. ಅದು ರಕ್ತದಲ್ಲೇ ಕೂತು, ಹೊಟ್ಟೆಯ ಕೂಸನ್ನು ಹಿಡಿಯುತ್ತದೆ. ಈಗಲೇ ವಾರಕ್ಕೊಂದು ಸೂಜಿ ಹಾಕಿಸಿಕೊಂಡು ಹೋದರೆ ಕೂಸು ಉಳಿಯಬಹುದು ಎಂದರು.

ಅಂದರೆ ಕೊಳೆ ನನ್ನದಲ್ಲ! ಮಾದೇವನ ಮೇಲೆ ಕೋಪ ಬರಲಿಲ್ಲ ಎಂದರೆ ಸುಳ್ಳಾದೀತು, ಮೈಯೆಲ್ಲ ಹತ್ತಿ ಉರಿಯಿತು. ಆದರೆ ಆ ಉರಿಗಿಂತ ಮೇಲೆ ಖುಷಿ ಉಕ್ಕುತ್ತಿತ್ತು. ಡಾಕ್ಟರಮ್ಮ ಕೈ ಹಿಡಿದು ಇನ್ನೊಂದು ಮಾತು ಹೇಳಿದರು. ಗಂಡನಿಗೂ ಸೂಜಿ ಬೀಳಬೇಕು. ಇಬ್ಬರದೂ ಮುಗಿಯುವವರೆಗೆ ಜೊತೆಗೆ ಮಲಗಕೂಡದು. ಇಲ್ಲದಿದ್ದರೆ ಇಲ್ಲಿ ಹೋದದ್ದು ಅಲ್ಲಿಂದ ಮತ್ತೆ ಬರುತ್ತದೆ.

ಗಾಡಿಗಳು ಘಟ್ಟ ಇಳಿದು ಬರುವುದು ಅದೇ ದಿನ.

ಘಟ್ಟದಿಂದ ಬಂದ ಗಂಡಸರು ನೇರ ಮನೆಗೆ ಬರುವಂತಿಲ್ಲ. ಊರಾಚೆಯ ಹಳ್ಳದಲ್ಲಿ ಗಾಡಿ ಬಿಚ್ಚಿ, ಸೀಗೆ ಹಚ್ಚಿ, ನಿಂಬೆಹಣ್ಣಿನಿಂದ ಮೈಯೆಲ್ಲ ತಿಕ್ಕಿಕೊಂಡು ಮುಳುಗಬೇಕು. ಮನೆಯ ಹಿರಿಯಳು ಆರತಿ ಎತ್ತಬೇಕು. ಘಟ್ಟದ ಮೇಲೆ ಏನೇ ಮಾಡಿರಲಿ, ಎಲ್ಲಿಯೇ ಮಲಗಿರಲಿ, ಅದೆಲ್ಲ ಹಳ್ಳದ ನೀರಲ್ಲಿ ಹರಿದುಹೋಯಿತು ಎಂದು ಲೆಕ್ಕ. ಆಮೇಲೆ ಯಾರೂ ಕೇಳುವಂತಿಲ್ಲ, ಹೆಂಡತಿಯಂತೂ ಬಾಯಿ ಬಿಡುವಂತಿಲ್ಲ. ಆ ರಾತ್ರಿ ಅವಳು ಹಾಸಿಗೆ ಹಾಸಬೇಕು. ನಾನೂ ಮದುವೆಯಾದಾಗಿನಿಂದ ಹಾಸಿದ್ದೆ.

ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲ ಬೆಂಕಿಯಲ್ಲಿ ಓಡುವ ಬಸ್ಸು. ಏರು ಬಂದಲ್ಲೆಲ್ಲ ಅದು ಕೆಮ್ಮಿ ನಿಲ್ಲುತ್ತಿತ್ತು. ಡ್ರೈವರು ಇಳಿದು ಬೆಂಕಿ ಕೆದಕುವುದು, ನಾನು ಕಿಟಕಿಯಿಂದ ಅವನನ್ನು ಬೈಯುವುದು. ಬಸುರಿ ಹೆಂಗಸು ಕೂಗಾಡಬಾರದು ಎಂದ. ಬಸುರಿಯಾದದ್ದಕ್ಕೇ ಕೂಗಾಡುತ್ತಿರುವುದು, ನಿನ್ನ ಬಸ್ಸು ಓಡಿಸು ಎಂದೆ. ಇಳಿದವಳೇ ಹಳ್ಳದ ದಾರಿ ಹಿಡಿದು ದಾಪುಗಾಲು ಹಾಕಿದೆ. ಓಡಲು ಹೆದರಿಕೆ, ನಡೆಯಲು ತಾಳ್ಮೆಯಿಲ್ಲ.

ಗಾಡಿಯವರು ಆಗಲೇ ಸೊಂಟದುದ್ದ ನೀರಿನಲ್ಲಿದ್ದರು. ಮಾದೇವ ನನ್ನನ್ನು ಕಂಡು ಹಲ್ಲು ಬಿಟ್ಟ. ದಡದಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳೋಣ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಅತ್ತೆ ಆರತಿ ಎತ್ತಿಯೇಬಿಟ್ಟಳು. ಅದು ಮುಗಿದರೆ ಎಲ್ಲರ ಬಾಯಿಗೂ ಬೀಗ ಬೀಳುತ್ತದೆ. ಹೋಗಿ ತಟ್ಟೆ ಕಿತ್ತುಕೊಂಡೆ.

"ಈ ನೀರಲ್ಲಿ ಓಗಾಕಿಲ್ಲ ಕಣ್ರೀ ಅದು. ರಕ್ತದಲ್ಲಯ್ತೆ. ನನ್ ಕೂಸ್ಗಳ್ನ ತಿಂದಿದ್ದು ಅದೇಯ."

ಹಳ್ಳದಲ್ಲಿದ್ದವರು ನಕ್ಕರು. ಮಾದೇವನ ಮುಖ ಕಪ್ಪಿಟ್ಟಿತು. ಮನೆಗೆ ನಡಿ, ಇಲ್ಲದಿದ್ದರೆ ಇಲ್ಲೇ ಎರಡು ಬಿಡುತ್ತೇನೆ ಎಂದ. ಬಿಡು, ಆದರೆ ಮೊದಲು ಒಂದು ಮಾತಿಗೆ ಜವಾಬು ಕೊಡು ಎಂದೆ. ಮದುವೆಗೆ ಮುಂಚೆಯೋ ಆಮೇಲೋ, ಘಟ್ಟದಿಂದ ಬಂದಾಗ ನಿನಗೊಂದು ಗಾಯ ಎದ್ದಿತ್ತಾ, ನೋವಿಲ್ಲದ್ದು, ತಾನಾಗಿಯೇ ಮಾಯ್ದದ್ದು?

ಅವನ ಕೈಯಲ್ಲಿದ್ದ ನಿಂಬೆಹೋಳು ನೀರಿಗೆ ಬಿತ್ತು. ದಡದ ಹತ್ತಿರ ಬಂದು, ನನಗಷ್ಟೇ ಕೇಳುವಂತೆ, "ಇಲ್ಲಿ ಮುಳುಗ್ದ ಮ್ಯಾಕೆ ವಾಸಿಯಾಯ್ತಲ್ಲೇ ಅದು" ಎಂದ.

ನನ್ನ ಕೋಪವೆಲ್ಲ ಎಲ್ಲಿಗೆ ಹೋಯಿತೋ. ಪಾಪದವನು, ಅದನ್ನು ನಿಜವಾಗಿಯೂ ನಂಬಿಕೊಂಡಿದ್ದ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಘಟ್ಟದ ಮೇಲೆ ನೀವು ಜೊತೆಗೆ ಮಲಗಿದ ಹೆಂಗಸರನ್ನು ಯಾರೂ ಬೈಯಬೇಡಿ, ಅವರಿಗೂ ಯಾರೋ ಗಂಡಸರೇ ಕೊಟ್ಟುಹೋಗಿರುತ್ತಾರೆ ಎಂದೂ ಸೇರಿಸಿದೆ. ಈಗ ಯಾರೂ ನಗುತ್ತಿರಲಿಲ್ಲ. ಗಾಡಿಯವರಲ್ಲಿ ಹಿರಿಯ ನಂಜಣ್ಣ, ಮೊಮ್ಮಕ್ಕಳನ್ನು ಕಂಡವನು, ನೀರಿನಲ್ಲಿ ನಿಂತೇ ಕೇಳಿದ.

"ಆ ಸೂಜಿ ಎಲ್ರಿಗೂ ಆಕ್ತಾರೇನವ್ವಾ?"

ಹಾಕುತ್ತಾರೆ ಎಂದೆ. ಮಾದೇವ ಒದ್ದೆ ಪಂಚೆಯಲ್ಲೇ ದಡ ಹತ್ತಿ, ಹುಣಸೂರಿಗೆ ಹೊರಡಲು ಗಾಡಿಗೆ ಎತ್ತು ಕಟ್ಟಿದ. ನಂಜಣ್ಣನೂ ತನ್ನ ಗಾಡಿಯ ಕಡೆ ನಡೆದ. ಅತ್ತೆ ಮಾತ್ರ ಮನೆ ಮಾನ ಹರಾಜು ಹಾಕಿದಳೆಂದು ಎದೆ ಬಡಿದುಕೊಂಡಳು, ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು.

ವಾರ ವಾರವೂ ನಮ್ಮ ಗಾಡಿ ಹುಣಸೂರಿಗೆ ಹೋಗಿ ಬಂತು. ಶ್ರಾವಣದಲ್ಲಿ ಮಗಳು ಹುಟ್ಟಿದಳು. ಅವಳು ಕಿರುಚಿದ ಕಿರುಚು ಬೀದಿಯ ಕೊನೆಗೂ ಕೇಳಿತಂತೆ. ನಾನು ಅತ್ತೆನೋ ನಕ್ಕೆನೋ ನನಗೇ ನೆನಪಿಲ್ಲ. ಮಾದೇವ ಹೊರಗೆ ಎತ್ತಿನ ಕೊರಳು ತಬ್ಬಿಕೊಂಡು ಬಿಕ್ಕಿಬಿಕ್ಕಿ ಅಳುತ್ತಿದ್ದನೆಂದು ಸೂಲಗಿತ್ತಿ ಬಂದು ಹೇಳಿದಳು.

ಅತ್ತೆ ಒಳಗೆ ಬಂದು ಮೊಮ್ಮಗಳನ್ನು ಮಡಿಲಿಗೆ ತೆಗೆದುಕೊಂಡಳು. ಬೆರಳು, ಕಿವಿ, ಮೂಗು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಅಷ್ಟು ತಿಂಗಳಲ್ಲಿ ಮೊದಲ ಸಲ ನನ್ನ ಜೊತೆ ಮಾತಾಡಿದಳು.

"ಮಾದೇವನ್ಗಿಂತ ಮುಂಚೆ ನನ್ಗೂ ಮೂರು ಕೂಸು ಓದ್ವು ಕಣೇ. ನಿಮ್ ಮಾವನೂ ಘಟ್ಟಕ್ಕೆ ಗಾಡಿ ಒಡೀತಿದ್ದ. ಆವಾಗ ಆ ಸೂಜಿ ಇತ್ತಾ?"

ಗೊತ್ತಿಲ್ಲ ಅತ್ತೆ ಎಂದೆ. ಮಗು ಹಾಲಿಗೆ ಅಳತೊಡಗಿತು. ಕೈ ಚಾಚಿದೆ, ಆದರೆ ಅವಳು ಅದನ್ನು ಎದೆಗೊತ್ತಿಕೊಂಡು ಕೂತೇ ಇದ್ದಳು.