ನಾಲ್ಕನೇ ಗುಂಡಿ

ಓಣಿಯವರ ಬಟ್ಟೆಗೆ ಇಸ್ತ್ರಿ ಹಾಕುವ ಇಸ್ತ್ರಿಯಕ್ಕನ ಮನೆಯ ಶೌಚದ ಗುಂಡಿ ತುಂಬಿ ಎಂಟು ದಿನವಾಗಿತ್ತು. ಅತ್ತೆಗೆ ಮಂಡಿ ಮಡಚಲು ಬಾರದು. ಅವರಿಗೆಂದೇ ಸಾಲ ಮಾಡಿ ಕಮೋಡು ಇಡಿಸಿದ್ದು. ಈಗ ಮುದುಕಿಯನ್ನು ದಿನಕ್ಕೆರಡು ಸಲ ಬೆನ್ನ ಮೇಲೆ ಹೊತ್ತು, ಗುಡ್ಡದ ಓಣಿಯ ಎಪ್ಪತ್ತು ಮೆಟ್ಟಿಲು ಇಳಿದು, ಸಾರ್ವಜನಿಕ ಶೌಚಾಲಯಕ್ಕೆ ಒಯ್ಯಬೇಕು. ಅತ್ತೆ ನಾಚಿಕೆಗೆ ನೀರು ಕುಡಿಯುವುದನ್ನೇ ಬಿಟ್ಟರು. ಸೊಸೆಗೆ ಬೆನ್ನುನೋವಿಗಿಂತ ಅದೇ ಹೆಚ್ಚು ನೋಯಿತು.

ಗುಂಡಿ ಹೀರುವ ಲಾರಿಯವನದು ಒಂದೇ ಮಾತು: "ನಾಲ್ಕು ತುಂಬಿದ ಗುಂಡಿ ಇದ್ರೆ ಬರ್ತೀನಿ. ಅರೆಗುಂಡಿ ಲೆಕ್ಕಕ್ಕಿಲ್ಲ, ಡೀಸೆಲ್‌ಗೂ ಗಿಟ್ಟಲ್ಲ." ಬಾಡಿಗೆ ನಾಲ್ಕು ಮನೆಗೆ ಹಂಚಿಕೆ. ಒಬ್ಬಳೇ ಕೊಡಹೋದರೆ ಎರಡು ತಿಂಗಳ ದುಡಿಮೆ ಪೈಪಿನೊಳಗೆ ಹೋದ ಹಾಗೆ. ಬಡಗಿ ಒಪ್ಪಿದ, ಸೂಲಗಿತ್ತಿ ಒಪ್ಪಿದಳು. ಮಿಕ್ಕವರೆಲ್ಲ, "ನಮ್ದಿನ್ನೂ ಅರ್ಧ ಆಗಿಲ್ಲ ಕಣಮ್ಮ, ಸುಮ್ನೆ ದುಡ್ಡು ಸುರಿಯೋಕೆ ನಮಗೇನು ಹುಚ್ಚಾ?" ಎಂದರು. ಅವರದೇನು ತಪ್ಪು? ಇವಳಾಗಿದ್ದರೂ ಹಾಗೇ ಅನ್ನುತ್ತಿದ್ದಳು.

ಉಳಿದದ್ದು ಪಕ್ಕದ ಮನೆ. ಅಲ್ಲಿಯವಳು ಅಂಗಿಗಳಿಗೆ ಗುಂಡಿ ಹೊಲಿದು ಬದುಕುವವಳು. ಎರಡು ವರ್ಷದ ಹಿಂದೆ, ಶೌಚಾಲಯದ ಸಾಲಕ್ಕೆ ಓಣಿಯ ಹೆಂಗಸರೆಲ್ಲ ಒಬ್ಬರಿಗೊಬ್ಬರು ಜಾಮೀನು ನಿಂತಿದ್ದಾಗ, ಆಕೆಯ ಒಂದು ಕಂತು ತಪ್ಪಿತು. ತುಂಬಿದ ಸಭೆಯಲ್ಲಿ ಇಸ್ತ್ರಿಯಕ್ಕನ ನಾಲಿಗೆ ತುರಿಸಿತು: "ಕಾಸಿಗೊಂದು ಗುಂಡಿ ಹಾಕೋಳಿಗೆ ಮನೇಲೊಂದು ಗುಂಡಿ ಯಾಕೆ ಬೇಕಿತ್ತು?" ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಯಾವ ಮುಖ ಹೊತ್ತು ಆ ಬಾಗಿಲು ತಟ್ಟುವುದು? ತಟ್ಟಲಿಲ್ಲ. ಒಂಬತ್ತನೆಯ ದಿನ ಸೂಲಗಿತ್ತಿಯೇ ಬಂದು, "ನಾಲ್ಕನೇದು ಸಿಕ್ತು. ಪಕ್ಕದವಳದೂ ತುಂಬಿದೆಯಂತೆ," ಎಂದಳು. ಇಸ್ತ್ರಿಯಕ್ಕನಿಗೆ ಹೋದ ಜೀವ ಬಂದಂತಾಯಿತು.

ಮಾರನೆಯ ಬೆಳಿಗ್ಗೆ ಲಾರಿ ಮೆಟ್ಟಿಲ ಕೆಳಗೆ ನಿಂತಿತು, ಉದ್ದದ ಪೈಪು ಮೇಲಕ್ಕೆ ಬಂತು. ಲಾರಿಯವನು ರೂಢಿಯಂತೆ ಒಂದೊಂದು ಗುಂಡಿಗೂ ಬಿದಿರುಕೋಲು ಇಳಿಸಿ ನೋಡಿದ. ಪಕ್ಕದ ಮನೆಯಲ್ಲಿ ಕೋಲು ಎತ್ತಿದವನೇ ಹುಬ್ಬೇರಿಸಿದ.

"ಏನಮ್ಮ ಇದು? ತಳದಲ್ಲಿ ಒಂದಡಿ ಕೆಸರು, ಮೇಲೆಲ್ಲ ಬರೀ ನಲ್ಲಿ ನೀರು. ನಿನ್ನೆ ಸುರಿದಂಗಿದೆ. ಇದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರಾ?"

"ನಮ್ಮ ಗುಂಡಿ, ನಮ್ಮ ನೀರು, ನಮ್ಮ ದುಡ್ಡು. ತುಂಬಿದೆಯೋ ಇಲ್ವೋ, ಅಷ್ಟು ಹೇಳಪ್ಪ," ಎಂದಳು ಗುಂಡಿ ಹೊಲಿಯುವವಳು.

ಮನೆಗಳಿಗೆ ನಲ್ಲಿಯಿಲ್ಲ, ಇರುವ ಒಂದೇ ನಲ್ಲಿ ಕೆಳಗಿನ ಬೀದಿಯಲ್ಲಿ. ಎಷ್ಟು ಕೊಡ ಹೊತ್ತಳೋ, ಎಷ್ಟು ಸಲ ಹತ್ತಿ ಇಳಿದಳೋ. ತನ್ನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಇಸ್ತ್ರಿಯಕ್ಕ ಆಕೆಯ ಅಂಗಳಕ್ಕೆ ಬಂದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಅವತ್ತು ನಾನು ಹಾಗೆ ಆಡಬಾರದಾಗಿತ್ತು," ಎಂದಳು.

"ಆಡಬಾರದಾಗಿತ್ತು," ಎಂದಳು ಆಕೆಯೂ, ಮುಖ ಸಡಿಲಿಸದೆ. ಆಮೇಲೆ ಲಾರಿಯವನ ಕಡೆ ತಿರುಗಿದಳು. "ಪೈಪು ಮೊದಲು ಅವರ ಮನೆಗೆ ಹಾಕಪ್ಪ. ಅಲ್ಲಿ ಅತ್ತೆ ಬೆಳಗಾದಾಗಿಂದ ತಡ್ಕೊಂಡು ಕೂತಿದಾರೆ."