ಹನ್ನೆರಡನೆಯ ಗೂಟ

ಅವನು ಟೆಂಟಿನ ನಾಲ್ಕನೆಯ ಗೂಟ ಹೊಡೆದು ತಲೆ ಎತ್ತುವಷ್ಟರಲ್ಲಿ ಮಗಳು ಮೊದಲನೆಯದನ್ನು ಕಿತ್ತು ಎದೆಗವಚಿಕೊಂಡು ನಿಂತಿದ್ದಳು.

"ನಂದು," ಎಂದಳು.

"ನಿಂದೇ ತಾಯಿ, ಇಲ್ಲಿ ಕೊಡು. ಇಲ್ದಿದ್ರೆ ನಿಮ್ಮಪ್ಪನ ಮರ್ಯಾದೆ ಗಾಳಿಗೆ ಹಾರಿಹೋಗುತ್ತೆ."

ಕೊಡಲಿಲ್ಲ. ಅವನು ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಗೂಟ ಕಿತ್ತುಕೊಂಡ. ಅವಳು ಹುಲ್ಲಿನ ಮೇಲೆ ಕುಕ್ಕರಿಸಿ ಊರಿಗೇ ಕೇಳುವಂತೆ ಅತ್ತಳು. ಅವನು ಆರನೆಯ ಗೂಟಕ್ಕೆ ಹೋಗುವಷ್ಟರಲ್ಲಿ ಅಳು ನಿಲ್ಲಿಸಿ ಎರಡನೆಯದಕ್ಕೆ ಕೈಹಾಕಿದ್ದಳು.

"ಅವಳನ್ನ ಹಿಡ್ಕೊಳ್ಳೇ ಸ್ವಲ್ಪ!"

"ಹಿಡಿದ್ರೆ ನಿಲ್ತಾಳಾ? ಕಾರ್ಖಾನೇಲಿ ನೀವು ಊರವರ ಕೆಲಸಾನೆಲ್ಲ ಎಳೆದೆಳೆದು ನೋಡಲ್ವಾ, ಇವಳು ನಿಮ್ಮದನ್ನ ನೋಡ್ತಿದಾಳೆ," ಎಂದು ಹೆಂಡತಿ ಚೀಲದಿಂದ ಹಾಲಿನ ಬಾಟಲಿ ತೆಗೆಯುತ್ತ ನಕ್ಕಳು.

ಮಗಳಿಗೆ ವರ್ಷ ಒಂದು, ತಿಂಗಳು ಎಂಟು. ಮನೆಯಲ್ಲಿ ಅವಳಿಗೆ ಇರುವೆ ಎಂದೇ ಹೆಸರು. ಚಮಚ, ದಾರದ ಉಂಡೆ, ಬೀಗದ ಕೈ, ಒಂಟಿ ಚಪ್ಪಲಿ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದುಕೊಂಡು ಹೋಗಿ ಎಲ್ಲೋ ಕೂಡಿಡುವುದೇ ಅವಳ ಉದ್ಯೋಗ. ಬರುತ್ತಿದ್ದ ಮಾತು ಏಳು. ಅವುಗಳಲ್ಲಿ ದಿನವಿಡೀ ಬಿಡುವಿಲ್ಲದೆ ದುಡಿಯುತ್ತಿದ್ದದ್ದು 'ನಂದು' ಒಂದೇ.

ಕೊನೆಗೆ ಹನ್ನೊಂದು ಗೂಟ ನೆಲ ಕಂಡವು. ಹನ್ನೆರಡನೆಯದು ಸಿಗಲಿಲ್ಲ. ಹುಲ್ಲು ಕೆದಕಿದರು, ಇರುವೆಯ ಜೇಬು ತಡವಿದರು, ಚೀಲ ಕೊಡವಿದರು. ಅವನು ಆ ಮೂಲೆಯ ಹಗ್ಗವನ್ನು ಒಂದು ದಪ್ಪ ಕಲ್ಲಿಗೆ ಬಿಗಿದು, ನಾಲ್ಕು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ತನ್ನ ಟೆಂಟನ್ನು ನೋಡಿದ. ಎಲ್ಲೂ ಒಂದು ಸುಕ್ಕಿರಲಿಲ್ಲ.

ಹತ್ತೊಂಬತ್ತು ವರ್ಷದಿಂದ ಅವನು ಟೆಂಟಿನ ಕಾರ್ಖಾನೆಯಲ್ಲಿದ್ದ. ಮೊದಲ ಆರು ವರ್ಷ ಹೊಲಿಗೆ, ಆಮೇಲೆ ನೀರಿನ ಪರೀಕ್ಷೆ. ಹೊಲಿದು ಬಂದ ಟೆಂಟನ್ನು ಶೆಡ್ಡಿನಲ್ಲಿ ನಿಲ್ಲಿಸಿ ಮೇಲಿನ ಕೊಳವೆಗಳಿಂದ ನೀರು ಬಿಡುತ್ತಾರೆ. ಅವನು ಒಳಗೆ ಟಾರ್ಚು ಹಿಡಿದು ಅಂಗಾತ ಮಲಗುತ್ತಾನೆ. ಹತ್ತು ನಿಮಿಷದ ಲೆಕ್ಕ. ಎಲ್ಲಿ ಹನಿ ಕಂಡಿತೋ ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಸುತ್ತು ಎಳೆದರೆ ಆ ಟೆಂಟು ಹೊಲಿದವರ ಕೈಗೇ ವಾಪಸ್. ಯಾರು ಎಷ್ಟು ಗೋಗರೆದರೂ ಸುತ್ತು ಒರೆಸುವ ಜಾತಿಯಲ್ಲ. ಹೊಲಿಗೆಯವರು ಅವನನ್ನು ಹಿಂದಿನಿಂದ 'ಹನಿ ಸಾಹೇಬ' ಎನ್ನುತ್ತಿದ್ದರು. ಅದು ಅವನಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಹತ್ತರಲ್ಲಿ ಎಂಟು ಸಲ ಸುತ್ತು ಬೀಳುತ್ತಿದ್ದದ್ದು ಒಂದೇ ಜಾಗಕ್ಕೆ. ಟೆಂಟಿನ ನೆತ್ತಿಯ ಎರಡೂ ಪಕ್ಕ ಬಲೆ ಹಚ್ಚಿ, ಮಳೆಗೆ ಮರೆಯಾಗಿ ಮೇಲೊಂದು ಬಟ್ಟೆಯ ರೆಪ್ಪೆ ಹೊಲಿದ ಗಾಳಿಕಿಂಡಿ. ಎಂಥ ಕೈಯವನು ಹೊಲಿದರೂ ರೆಪ್ಪೆಯ ಮೂಲೆಯಲ್ಲಿ ಒಂದು ಹನಿ ಜಿನುಗುತ್ತಿತ್ತು. 'ಗಟ್ಟಿ ಗೋಡೆ ಕಟ್ಟಿ ಅದಕ್ಕೆ ತೂತು ಕೊರೆಯೋ ಬುದ್ಧಿವಂತ ಯಾವನೋ' ಎಂದು ಅವನು ಹತ್ತೊಂಬತ್ತು ವರ್ಷ ಬೈದಿದ್ದ. ಮೇಸ್ತ್ರಿಯ ಒಪ್ಪಿಗೆ ಪಡೆದು, ಉಳಿದ ಬಟ್ಟೆ ಕೂಡಿಸಿ, ಮೂರು ತಿಂಗಳು ಊಟದ ಬಿಡುವಿನಲ್ಲಿ ಕೂತು ತನ್ನದೇ ಟೆಂಟು ಹೊಲಿದಾಗ ಅವನು ಕಿಂಡಿ ಬಿಡಲಿಲ್ಲ. ಅದರ ಬಗ್ಗೆ ಯೋಚನೆ ಸಹ ಮಾಡಲಿಲ್ಲ.

ಟೆಂಟು ಹೊಲಿಯುವ ಹುಚ್ಚು ಹತ್ತಿಸಿದ್ದು ಅವನ ಅಕ್ಕ. "ಲೋಕಕ್ಕೆಲ್ಲ ಟೆಂಟು ಕೊಡ್ತೀಯ, ಒಂದು ರಾತ್ರಿನಾದ್ರೂ ಅದರಲ್ಲಿ ಮಲಗಿದೀಯೇನೋ?" ಎಂದು ಎಲ್ಲರೆದುರು ಕೇಳಿ ನಕ್ಕಿದ್ದಳು. ಹೆಂಡತಿಗೆ ಮನಸ್ಸಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಇರುವೆಯ ಎದೆಯಲ್ಲಿ ಕಫ ಕಟ್ಟಿ ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಥಂಡಿ, ತೇವ ಎರಡೂ ತಾಗಬಾರದು, ಇನ್ನೊಮ್ಮೆ ಹೀಗಾದರೆ ಕಷ್ಟ ಎಂದು ವೈದ್ಯರು ಹೇಳಿ ಕಳಿಸಿದ್ದರು.

"ಒಂದು ಹನಿ ಒಳಗೆ ಬಂದ್ರೆ ನನ್ನ ಹೆಸರು ಬದಲಾಯಿಸು," ಎಂದಿದ್ದ ಅವನು. "ಗಾಳಿ ಕೂಡ ಕೇಳ್ಕೊಂಡೇ ಬರಬೇಕು."

ಕೆರೆಯ ದಂಡೆಯ ಆ ಮೈದಾನದಲ್ಲಿ ಅವತ್ತು ಬೇರೆ ಯಾರೂ ಇರಲಿಲ್ಲ. ಗೇಟಿನ ಹತ್ತಿರ ಕಾವಲುಗಾರನ ಗೂಡು, ಗೂಡಿನ ಪಕ್ಕ ಒಂದು ಹಳೆಯ ಜೀಪು, ಬೇಲಿಗೆ ನೇತುಹಾಕಿದ ನಿಯಮಗಳ ಹಲಗೆ. ಟೆಂಟಿನೊಳಗೆ ಬೆಂಕಿ ಇಡಬಾರದು ಎಂಬುದು ನಾಲ್ಕನೆಯ ನಿಯಮ. ಅವನು ಅದನ್ನು ಗಟ್ಟಿಯಾಗಿ ಓದಿ, "ಇದೆಲ್ಲ ಅಂಗಡಿ ಟೆಂಟಿಗೆ. ನಮ್ಮ ಬಟ್ಟೆಗೆ ನಾನೇ ಬೆಂಕಿಕಡ್ಡಿ ಗೀರಿ ಹಿಡಿದು ನೋಡಿದೀನಿ, ಕರಗುತ್ತೆ ಹೊರತು ಹತ್ತಿಕೊಳ್ಳಲ್ಲ," ಎಂದು ಹೆಂಡತಿಗೆ ಪಾಠ ಮಾಡಿದ.

ಸಂಜೆ ಸಣ್ಣ ಕಬ್ಬಿಣದ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹಚ್ಚಿ ಆಲೂಗಡ್ಡೆ ಸುಟ್ಟರು. ಇರುವೆ ಅರ್ಧ ಆಲೂಗಡ್ಡೆ ತಿಂದು ಇನ್ನರ್ಧವನ್ನು ಅಪ್ಪನ ಬೂಟಿನೊಳಗೆ ತುರುಕಿದಳು. ಹೆಂಡತಿ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನವಳು, ಇಬ್ಬರಿಗೂ ಒಟ್ಟಿಗೆ ರಜೆ ಸಿಗುವುದು ಅಪರೂಪ. ನೀರಿನ ಕಡೆ ಮುಖ ಮಾಡಿ ಅವನ ಭುಜಕ್ಕೆ ತಲೆಯಾನಿಸಿದವಳು, "ಬಂದಿದ್ದು ಒಳ್ಳೇದೇ ಆಯ್ತು ರೀ," ಎಂದಳು. ಆ ಮಾತು ಅವಳನ್ನು ಆಮೇಲೆ ಬಹಳ ಕಾಲ ಬಿಡಲಿಲ್ಲ.

ಕತ್ತಲಾಗುವ ಹೊತ್ತಿಗೆ ಮಳೆ ಶುರುವಾಯಿತು. ಮೂವರೂ ಒಳಗೆ ನುಗ್ಗಿದರು. ಟೆಂಟಿನ ಮೈಮೇಲೆ ಮಳೆ ಪಟಪಟ ಬಡಿಯಿತು. ಇರುವೆ ಎರಡು ಸಲ ಕೆಮ್ಮಿದಳು. ಹೆಂಡತಿ ಕಾಲುಚೀಲ ತೆಗೆದು ಮಗುವಿನ ಪಾದ ಮುಟ್ಟಿ ನೋಡಿದಳು.

"ಮಂಜಿನ ಹಾಗಿದೆ. ಅಗ್ಗಿಷ್ಟಿಕೆ ಒಳಗೆ ತರ್ತೀರಾ?"

"ಹೊಗೆ?"

"ಹೊಗೆ ಎಲ್ಲಿದೆ, ಬರೀ ಕೆಂಡ ತಾನೆ ಉಳಿದಿರೋದು. ಒಂದು ಸ್ವಲ್ಪ ಹೊತ್ತು ಬೆಚ್ಚಗಾಗಲಿ."

ಅವನಿಗೂ ಸರಿ ಎನಿಸಿತು. ಕೆಂಡವೆಂದರೆ ಬೆಂಕಿಯಲ್ಲವಲ್ಲ. ಮಗು ಉರುಳಿ ಬೀಳದಂತೆ ಅಗ್ಗಿಷ್ಟಿಕೆಯನ್ನು ಮೂಲೆಯಲ್ಲಿಟ್ಟು ಸುತ್ತ ಚೀಲಗಳ ಕಟ್ಟೆ ಕಟ್ಟಿದ. ಜಿಪ್ಪನ್ನು ಕೆಳಗಿನ ತನಕ ಎಳೆದ.

ಮುಂದಿನ ಅರ್ಧ ಗಂಟೆಯಷ್ಟು ನೆಮ್ಮದಿಯ ಹೊತ್ತು ಅವರ ಮೂವರ ಬಾಳಿನಲ್ಲಿ ಇನ್ನೊಂದಿರಲಿಲ್ಲ. ಹೊರಗೆ ಮಳೆ, ಒಳಗೆ ಬೆಚ್ಚನೆಯ ಕೆಂಪು ಬೆಳಕು. ಅವನು ಅಂಗಾತ ಮಲಗಿ ಅಭ್ಯಾಸದಂತೆ ಹೊಲಿಗೆಗಳ ಮೇಲೆ ಟಾರ್ಚು ಆಡಿಸಿದ. ಒಂದು ಹನಿಯೂ ಇಲ್ಲ. ದಿನವೂ ಮಲಗಿಸಲು ಎರಡು ಗಂಟೆ ಸತಾಯಿಸುವ ಇರುವೆ ಅವತ್ತು ತಾನಾಗಿ ಅಮ್ಮನ ತೋಳಿಗೆ ಒರಗಿ ಕಣ್ಣು ಮುಚ್ಚಿದಳು.

"ಮಲಗೇಬಿಟ್ಟಳು ಕಣೆ," ಎಂದ ಪಿಸುದನಿಯಲ್ಲಿ. "ವಾರಕ್ಕೊಂದು ಸಲ ಇಲ್ಲಿಗೇ ಬಂದುಬಿಡೋಣ."

"ಹೂಂ. ನನಗೂ ಯಾಕೋ ತಲೆ ಸಿಡೀತಿದೆ ರೀ. ಬಿಸಿಲಲ್ಲಿ ಕೂತಿದ್ದಕ್ಕೋ ಏನೋ." ಅವಳ ಮಾತು ಎಳೆದೆಳೆದು ಬಂತು. ಆಮೇಲೆ ಅವಳೂ ಸುಮ್ಮನಾದಳು.

ಅವನು ಇನ್ನೊಮ್ಮೆ ಟಾರ್ಚು ಹಾಕಿದ. ನೆತ್ತಿಯ ಹೊಲಿಗೆಯ ಉದ್ದಕ್ಕೂ ಹನಿಗಳು. ಒಂದೆರಡಲ್ಲ, ಸಾಲು ಸಾಲು. ಮೊದಲು ನಂಬಲಿಲ್ಲ, ಬೆರಳಲ್ಲಿ ಒರೆಸಿದ. ನೀರೇ. ಮೈಯೆಲ್ಲ ಅವಮಾನದಿಂದ ಬಿಸಿಯಾಯಿತು. ಮೂರು ಜನ ಮುಚ್ಚಿದ ಬಟ್ಟೆಯೊಳಗೆ ಉಸಿರಾಡಿದರೆ ಆ ಉಸಿರೇ ಮೇಲೆ ಹನಿಯಾಗುತ್ತದೆಂದು ಹತ್ತು ನಿಮಿಷಕ್ಕಿಂತ ಹೆಚ್ಚು ಟೆಂಟಿನಲ್ಲಿ ಮಲಗದ ಮನುಷ್ಯನಿಗೆ ಹೇಗೆ ತಿಳಿಯಬೇಕು? ಹೊಲಿಗೆ ಎಲ್ಲೋ ಬಿಟ್ಟಿದೆ, ಹೊರಗಿನಿಂದ ನೋಡಬೇಕು ಎಂದುಕೊಂಡು ಎದ್ದ. ಕಾಲು ತನ್ನದಲ್ಲ ಎನಿಸಿತು. ಜಿಪ್ಪು ತೆಗೆದು ತೆವಳಿ ಹೊರಬಿದ್ದ. ಮಗುವಿಗೆ ಎರಚಲು ತಾಗಬಾರದೆಂದು ಹಿಂದೆ ತಿರುಗಿ ಜಿಪ್ಪನ್ನು ಪೂರ್ತಿ ಎಳೆದ.

ಎರಡು ಹೆಜ್ಜೆ ಇಟ್ಟು ಕೆಸರಿನಲ್ಲಿ ಮೊಣಕಾಲೂರಿ ಬಿದ್ದ. ತಿಂದ ಆಲೂಗಡ್ಡೆಯೆಲ್ಲ ವಾಂತಿಯಾಯಿತು. ಮಳೆ ನೆತ್ತಿಯ ಮೇಲೆ ಸುರಿಯುತ್ತಿದ್ದ ಹಾಗೆ, ಯಾರೋ ಮುಚ್ಚಿದ್ದ ಕಿವಿ ತೆರೆದಂತೆ ಎಲ್ಲ ಸ್ಪಷ್ಟವಾಗತೊಡಗಿತು. ಹೆಂಡತಿಯನ್ನು ಕೂಗಿದ. ಉತ್ತರ ಬರಲಿಲ್ಲ. ಇನ್ನೂ ಜೋರಾಗಿ ಕೂಗಿದ. ಇಷ್ಟು ಕೂಗಿಗೆ ಇರುವೆಯಾದರೂ ಎದ್ದು ಅಳಬೇಕಿತ್ತು.

ಜಿಪ್ಪಿಗೆ ಕೈಹಾಕಿದರೆ ಬೆರಳು ಮಾತು ಕೇಳಲಿಲ್ಲ. ಹಿಡಿ ಒದ್ದೆಯಾಗಿ ಜಾರಿತು, ಹಲ್ಲಿನ ನಡುವೆ ಬಟ್ಟೆ ಸಿಕ್ಕಿಕೊಂಡಿತು. ಬಟ್ಟೆಯನ್ನೇ ಎಳೆದ. ಹರಿಯಲಿಲ್ಲ. ಹರಿಯದಂತೆ ಎರಡೆರಡು ಸಲ ಹೊಲಿದವನು ಅವನೇ. ಜೇಬಿನಲ್ಲಿ ಬೀಗದ ಕೈ ಗೊಂಚಲಿಗೆ ಕಟ್ಟಿದ್ದ, ಕಾರ್ಖಾನೆಯಲ್ಲಿ ಅಂಟುಪಟ್ಟಿ ಕತ್ತರಿಸುವ ಬ್ಲೇಡು ನೆನಪಾಯಿತು. ನೆತ್ತಿಯಿಂದ ನೆಲದವರೆಗೆ ಒಂದೇ ಸಲ ಸೀಳಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಗುವನ್ನು ಎಳೆದುಕೊಂಡಾಗ ಅದರ ತಲೆ ಹಿಂದಕ್ಕೆ ವಾಲಿತು. ಕೆನ್ನೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಅಷ್ಟು ಚೆಂದ ಅವಳು ಯಾವತ್ತೂ ಕಂಡಿರಲಿಲ್ಲ.

ಕಿರುಚಾಟ ಕೇಳಿ ಕಾವಲುಗಾರ ಓಡಿಬಂದ. ಸೀಳಿದ ಟೆಂಟು, ಒಳಗಿನ ಕೆಂಪು, ಎರಡನ್ನೂ ನೋಡಿ, "ಅಯ್ಯೋ, ಓದಲಿಲ್ವಾ ಸಾರ್?" ಎಂದ. ಬೇರೇನೂ ಹೇಳದೆ ಹೆಂಗಸನ್ನು ಹೆಗಲಿಗೆ ಹಾಕಿಕೊಂಡು ಜೀಪಿನ ಕಡೆ ನಡೆದ.

ಹೆಂಡತಿಗೆ ಎರಡು ಗಂಟೆಯಲ್ಲಿ ಎಚ್ಚರವಾಯಿತು. ಮಗು ಕಣ್ಣು ತೆರೆದದ್ದು ನಾಲ್ಕನೆಯ ದಿನ. ಕಣ್ಣು ತೆರೆದಳು, ಅಷ್ಟೇ. ವೈದ್ಯೆ ಅವನೊಬ್ಬನನ್ನೇ ಕೋಣೆಗೆ ಕರೆದು ಕೂರಿಸಿದಳು.

"ಟೆಂಟಿನ ಮೇಲೆ ಗಾಳಿ ಆಡೋಕೆ ಕಿಂಡಿ ಇರುತ್ತಲ್ಲ?"

"ಇರುತ್ತೆ."

"ನಿಮ್ಮದು ಮುಚ್ಚಿಹೋಗಿತ್ತಾ?"

"ನಾನೇ ಹೊಲಿದಿದ್ದು, ಮೇಡಂ," ಎಂದ.

ಅವಳು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಆಮೇಲೆ ನಿಧಾನವಾಗಿ ವಿವರಿಸಿದಳು. ಇದ್ದಿಲ ಕೆಂಡದಿಂದ ಹೊರಡುವ, ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ವಿಷಗಾಳಿ ಮಕ್ಕಳ ಮಿದುಳಿಗೆ ದೊಡ್ಡವರಿಗಿಂತ ಬೇಗ ಏರುತ್ತದೆ. ನಡಿಗೆ, ಮಾತು, ಕೈಯ ಹಿಡಿತ ಮರಳಬಹುದು, ಮರಳದೆಯೂ ಇರಬಹುದು. ಆರು ತಿಂಗಳು ನೋಡೋಣ. ಅಲ್ಲಿಯತನಕ ದಿನವೂ ಅವಳಿಗೆ ಇಷ್ಟವಾದದ್ದನ್ನು ಎದುರಿಗಿಡಿ, ಅವಳಾಗಿ ಕೈಚಾಚುತ್ತಾಳಾ ಗಮನಿಸಿ.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಒಂದು ಮಧ್ಯಾಹ್ನ, ಕೈಯಲ್ಲಿದ್ದ ಬ್ರೆಡ್ಡನ್ನು ತಿನ್ನದೆ ಪುಡಿ ಮಾಡುತ್ತ, "ಒಳಗೆ ತನ್ನಿ ಅಂದಿದ್ದು ನಾನೇ ಅಲ್ವಾ," ಎಂದಳು. ಅವನು "ಅಲ್ಲ" ಎನ್ನಬೇಕಿತ್ತು. ಅವಳು ಎದ್ದು ಒಳಗೆ ಹೋದಳು.

ಮೂರು ವಾರದ ಮೇಲೆ ಮಗುವನ್ನು ಮನೆಗೆ ತಂದರು. ಕೂರಿಸಿದರೆ ದಿಂಬಿನ ಆಸರೆಯಲ್ಲಿ ಕೂತಿರುತ್ತಿದ್ದಳು, ಬಾಯಿಗೆ ಚಮಚ ಇಟ್ಟರೆ ನುಂಗುತ್ತಿದ್ದಳು. ಹತ್ತಿರ ಚಮಚ ಬಿಟ್ಟು ಹೋದರೆ ಅದು ಬಿಟ್ಟಲ್ಲೇ ಇರುತ್ತಿತ್ತು. ಮನೆಯಲ್ಲಿ ಈಗ ಯಾವ ವಸ್ತುವೂ ಕಳೆಯುತ್ತಿರಲಿಲ್ಲ. ಇರುವೆ ಎಂದು ಕರೆಯುವುದನ್ನು ಇಬ್ಬರೂ ಯಾವಾಗ ಬಿಟ್ಟರೋ ಅವರಿಗೇ ಗೊತ್ತಾಗಲಿಲ್ಲ.

ಕಾವಲುಗಾರ ಕಟ್ಟಿ ಕಳಿಸಿದ್ದ ಸಾಮಾನಿನ ಗಂಟನ್ನು ಒಂದು ದಿನ ಅವನು ಬಿಚ್ಚಿದ. ಬೂಟಿನೊಳಗೆ ಒಣಗಿ ಕಲ್ಲಾದ ಅರ್ಧ ಆಲೂಗಡ್ಡೆ ಸಿಕ್ಕಿತು. ಹಾಲಿನ ಬಾಟಲಿಗೆ ಸುತ್ತಿದ್ದ ಉಣ್ಣೆಯ ಚೀಲದ ತಳದಲ್ಲಿ ಗಟ್ಟಿಯಾದದ್ದೇನೋ ಕೈಗೆ ತಾಗಿತು. ಹನ್ನೆರಡನೆಯ ಗೂಟ. ಅಂದು ಇಬ್ಬರ ಕಣ್ಣು ತಪ್ಪಿಸಿ ಅವಳು ಅಲ್ಲಿ ಬಚ್ಚಿಟ್ಟಿದ್ದಳು. ಅವನು ಅದನ್ನು ಹಣೆಗೆ ಒತ್ತಿಕೊಂಡು, ಆಸ್ಪತ್ರೆಯಲ್ಲೂ ಅಳದವನು, ಗೋಳೋ ಎಂದು ಅತ್ತ.

ಅವತ್ತಿನಿಂದ ಕಾರ್ಖಾನೆಯಿಂದ ಬಂದ ಕೂಡಲೇ ಕೈಕಾಲು ತೊಳೆದು, ಮಗಳನ್ನು ಬಾಲ್ಕನಿಗೆ ಎತ್ತಿಕೊಂಡು ಹೋಗುತ್ತಾನೆ. ಅಲ್ಲಿ ಗಿಡ ಸತ್ತುಹೋದ ಒಂದು ಮಣ್ಣಿನ ಕುಂಡವಿದೆ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕುಂಡವನ್ನು ಅವಳ ಕೈಗೆಟುಕುವಷ್ಟು ಹತ್ತಿರ ಎಳೆದು, ಮಣ್ಣಿಗೆ ಗೂಟ ಹೊಡೆಯುತ್ತಾನೆ. ಕಾಯುತ್ತಾನೆ. ಅವಳ ಕಣ್ಣು ಗೂಟದ ಮೇಲಿರುತ್ತದೋ ಅದರಾಚೆ ಇರುತ್ತದೋ ಹೇಳುವುದು ಕಷ್ಟ.

"ಸಾಕು ಬನ್ನಿ ಒಳಗೆ, ಚಳಿ," ಎಂದು ಒಂದು ಸಂಜೆ ಹೆಂಡತಿ ಬಾಗಿಲಲ್ಲಿ ನಿಂತು ಕರೆದಳು. ವೈದ್ಯೆ ಹೇಳಿದ್ದ ಆರನೆಯ ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು.

"ಇನ್ನೊಂದು ಐದು ನಿಮಿಷ."

ಅವಳು ಒಳಗೆ ಹೋಗಲಿಲ್ಲ, ಅಲ್ಲೇ ಚೌಕಟ್ಟಿಗೆ ಒರಗಿದಳು. ಮಗುವಿನ ಕೈ ತೊಡೆಯ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು. ಅವನು ಬಗ್ಗಿ ಗೂಟವನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿ, ಸುತ್ತಲಿನ ಮಣ್ಣನ್ನು ಇನ್ನಷ್ಟು ಸಡಿಲ ಮಾಡಿದ.