ದೀಪದೊಳಗಿನ ರಸ್ತೆ

"ದೀಪ ಅಲ್ಲ ಕಣೋ ಮಂಕೇ, ದ್ವೀಪ! ದ್ವೀ... ಪ. ಎಲ್ಲಿ, ಒಂದ್ಸಲ ಸರಿಯಾಗಿ ಹೇಳು, ಎಲ್ಲರೂ ಕೇಳಿಸ್ಕೊಳ್ಳಲಿ."

ಪುರುಷೋತ್ತಮ ಸಾರ್ ಇದನ್ನು ಹೇಳಿದ್ದು ಬಸವೇಶ್ವರನಗರದಲ್ಲಿ, ಗೋಪೀನಾಥ ಸಾರ್ ಮನೆಯ ವರಾಂಡದಲ್ಲಿ, ಭಾನುವಾರ ನಾಲ್ಕು ಸಂಸಾರಗಳು ಸೇರಿ ಬೋಂಡ ತಿನ್ನುತ್ತಿದ್ದಾಗ. ಹೆಂಗಸರು ಮಕ್ಕಳು ಎಲ್ಲರೂ ನನ್ನ ಬಾಯಿ ನೋಡಿದರು. ನಾನು ಮೆಟ್ಟಿಲ ಮೇಲೆ, ಚಪ್ಪಲಿಗಳ ಪಕ್ಕ ಕೂತಿದ್ದೆ. ನಾಲಿಗೆಯನ್ನು ಹಲ್ಲಿಗೆ ಒತ್ತಿ, ತುಟಿ ಮುಂದೆ ತಂದು, ಆದಷ್ಟು ಎಚ್ಚರದಿಂದ ಹೇಳಿದೆ.

"ದೀಪ."

ಎಲ್ಲರೂ ನಕ್ಕರು. ಒಂದು ಮಗುವಿಗೆ ಬೋಂಡ ನೆತ್ತಿಗೇರಿ ಕೆಮ್ಮು ಬಂತು.

"ಹೋಗ್ಲಿ ಬಿಡ್ರೀ," ಅಂದರು ಪುರುಷೋತ್ತಮ ಸಾರ್, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ. "ಇವನಿಗೆ ದೀಪಾನೇ ಬೇಕಾಗಿರೋದು. ಇವರಪ್ಪ ದೀಪ ಹಿಡ್ಕೊಂಡು ಹುಡುಕಿದ್ರೂ ಸಿಗದೇ ಇರೋ ಗಿರಾಕಿ ಅಲ್ವಾ!"

ಈ ಸಲ ನಗು ಇನ್ನೂ ಜೋರಾಯಿತು. ಇದೇ ಮಾತನ್ನು ವಿಜಯನಗರದ ಬಸ್‌ಸ್ಟ್ಯಾಂಡಿನಲ್ಲಿ ಬೇರೆ ಯಾವನಾದರೂ ಅಂದಿದ್ದರೆ ಅವನ ಹಲ್ಲು ಅವನ ಕೈಗೆ ಬರುತ್ತಿತ್ತು. ಇಲ್ಲಿ ಎದ್ದರೆ ಇವರ ಪ್ರವಾಸದ ವ್ಯಾನಿನ ಡ್ರೈವರ್ ಸೀಟು ಹೋಗುತ್ತಿತ್ತು. ಸೀಟು ಹೋದರೆ ಅಪ್ಪನೂ ಹೋದ ಹಾಗೆ. ಅದಕ್ಕೇ ನಾನೂ ನಕ್ಕೆ. ಆ ನಗು ಎದೆಯೊಳಗೆ ಆಸಿಡ್ ಬಿದ್ದ ಹಾಗೆ ಉರಿಯಿತು.

ನಾನು ಕೇಳಿದ್ದು ಇಷ್ಟೇ: "ಸಾರ್, ಆ ದೀಪದಲ್ಲಿ ರಂಗತ್ ಅಂತ ಊರು ಬರುತ್ತಲ್ಲ, ಅಲ್ಲಿ ಒಂದು ದಿನ ಗಾಡಿ ನಿಲ್ಲಿಸೋಣ. ನಮ್ಮಪ್ಪನ್ನ ವಿಚಾರಿಸ್ಬೇಕು."

ಅವರೆಲ್ಲ ಬ್ಯಾಂಕಿನವರು, ಟೆಲಿಫೋನ್ ಇಲಾಖೆಯವರು. ಆಫೀಸಿನವರು ಕೊಡುವ ಪ್ರವಾಸದ ಖರ್ಚಿನಲ್ಲಿ ಎಲ್ಲರೂ ಊಟಿ, ಕನ್ಯಾಕುಮಾರಿ ನೋಡಿ ಮುಗಿಸಿದ್ದರು. ಈ ಸಲ ಅಂಡಮಾನ್ ಅಂತ ಹಟ ಹಿಡಿದವರು ಪುರುಷೋತ್ತಮ ಸಾರ್. ಮದ್ರಾಸಿನ ತನಕ ರೈಲು, ಅಲ್ಲಿಂದ ಹಡಗು. ಇಳಿದ ಮೇಲೆ ವ್ಯಾನಿನಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಮಧ್ಯೆ ಸಮುದ್ರ ಅಡ್ಡ ಬಂದ ಕಡೆ ಗಾಡಿಯನ್ನೇ ದೋಣಿಗೆ ಹತ್ತಿಸಿ ದಾಟಿಸುತ್ತಾರಂತೆ. ಅಲ್ಲಿರುವ ಅವರ ಸ್ನೇಹಿತರೊಬ್ಬರು ವ್ಯಾನು ಕೊಡಿಸುತ್ತೇನೆ, ಡ್ರೈವರನ್ನು ಮಾತ್ರ ನೀವೇ ಕರೆತನ್ನಿ ಅಂದಿದ್ದರಂತೆ.

ಅವರ ಸ್ಕೂಟರು ಕಾರುಗಳೆಲ್ಲ ರಿಪೇರಿಗೆ ಬರುವುದು ಮಾರೇನಹಳ್ಳಿಯ ಮುನಿಯಣ್ಣನ ಗ್ಯಾರೇಜಿಗೆ. ನಾನು ಏಳನೇ ಕ್ಲಾಸು ಬಿಟ್ಟಾಗಿನಿಂದ ಅಲ್ಲೇ ಇದ್ದೇನೆ. ಮ್ಯಾಟಡಾರ್ ಓಡಿಸುತ್ತೇನೆ, ಇಂಜಿನ್ ಬಿಚ್ಚುತ್ತೇನೆ. "ಡ್ರೈವರೂ ಆಯ್ತು, ಮೆಕ್ಯಾನಿಕ್ಕೂ ಆಯ್ತು, ಗಿರಿ ಬರಲಿ" ಅಂದವರು ಅವರೇ. ಅಂಡಮಾನ್ ಅನ್ನುವ ಮಾತು ಕಿವಿಗೆ ಬಿದ್ದಾಗ ನನ್ನ ಕೈಯಿಂದ ಸ್ಪ್ಯಾನರ್ ಜಾರಿ ಕಾಲಿನ ಮೇಲೆ ಬಿತ್ತು. ಉಗುರು ಕಪ್ಪಾಯಿತು. ನೋವು ಗೊತ್ತಾದದ್ದು ಮನೆಗೆ ಹೋದ ಮೇಲೆ.

ಅಪ್ಪ ರೋಡ್ ರೋಲರ್ ಓಡಿಸುತ್ತಿದ್ದ. ಕೆಂಗೇರಿಯ ಹತ್ತಿರ ರಸ್ತೆ ಕೆಲಸ ನಡೆಯುತ್ತಿದ್ದಾಗ ಒಬ್ಬ ಮೇಸ್ತ್ರಿ ಬಂದು, ಸಮುದ್ರದ ಆಚೆ ಕೆಲಸವಿದೆ ಅಂತ ಕರೆದುಕೊಂಡು ಹೋದ. ನಾನಿನ್ನೂ ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತಿದ್ದೆ. ಅಪ್ಪ ಎಲ್ಲಿ ಅಂತ ಕೇಳಿದರೆ ಅಮ್ಮ, "ನಿಮ್ಮಪ್ಪ ದೀಪದಲ್ಲಿ ರಸ್ತೆ ಹಾಕ್ತಾವ್ರೆ ಕಣೋ" ಅನ್ನುತ್ತಿದ್ದಳು.

ನಾನು ನಂಬಿದೆ. ದೇವರ ಗೂಡಿನ ಮುಂದೆ ಕೂತು ದೀಪದೊಳಗೆ ನೋಡುತ್ತಿದ್ದೆ. ಬತ್ತಿಯ ಬುಡದಲ್ಲಿ ಕಪ್ಪು ಗೆರೆ ಕಾಣುತ್ತಿತ್ತು, ಅದೇ ರಸ್ತೆ. ಅಷ್ಟು ಬೆಂಕಿಯಲ್ಲಿ ಅಪ್ಪ ಹೇಗೆ ಕೆಲಸ ಮಾಡುತ್ತಾನೆ ಅಂತ ಹೆದರಿ, ಉಫ್ ಅಂತ ಊದಿ ಆರಿಸಿಬಿಡುತ್ತಿದ್ದೆ. ಅಮ್ಮ ಓಡಿ ಬಂದು ಬೆನ್ನಿಗೆ ಗುದ್ದುತ್ತಿದ್ದಳು. "ಅನಿಷ್ಟ ಮುಂಡೇದೆ, ದೀಪ ಊದಿ ಆರಿಸ್ತೀಯಾ? ಅವ್ರಿಗೇನಾದ್ರೂ ಆದ್ರೆ?" ಗುದ್ದಿದವಳೇ ಅಳುತ್ತಿದ್ದಳು. ಅಪ್ಪನಿಗೆ ತಂಪಾಗಲಿ ಅಂತ ಆರಿಸಿದ್ದು ಅನ್ನುವುದನ್ನು ನಾನು ಅವಳಿಗೆ ಹೇಳಲಿಲ್ಲ.

ಅಪ್ಪ ಒಂದೇ ಒಂದು ಸಲ ಬಂದ. ಯುಗಾದಿಗೆ ಬಂದವನು ಚೀಲದ ತುಂಬ ಕಪ್ಪೆಚಿಪ್ಪು ತಂದಿದ್ದ. ಹಬ್ಬ ಮುಗಿಸಿ ಹೋದವನು ಮತ್ತೆ ಬರಲಿಲ್ಲ. ಅವನ ಜೊತೆ ಹೋಗಿದ್ದ ದೊಡ್ಡಹನುಮಯ್ಯ ಅನ್ನುವವನು ಜ್ವರ ಬಂದು ವಾಪಸಾದ. ಕೊನೆಗೆ ನೋಡಿದ್ದು ರಂಗತ್‌ನಲ್ಲಿ, ಚೆನ್ನಾಗೇ ಇದ್ದ, ಆಮೇಲೆ ಗೊತ್ತಿಲ್ಲ ಅಂದ. ಆ 'ಆಮೇಲೆ ಗೊತ್ತಿಲ್ಲ' ಅನ್ನುವುದರಲ್ಲೇ ನಾವು ಇಷ್ಟು ವರ್ಷ ಕಳೆದಿದ್ದೇವೆ.

ದೊಡ್ಡವನಾದ ಮೇಲೆ ಅದು ದ್ವೀಪ ಅಂತ ಗೊತ್ತಾಯಿತು. ಗೊತ್ತಾದರೂ ಬಾಯಿಗೆ ಬರುವುದು ದೀಪವೇ.

ಅಷ್ಟು ಗೇಲಿ ಮಾಡಿಸಿಕೊಂಡ ಮೇಲೂ ನಾನು ಮುಂದಿನ ಭಾನುವಾರ ಹೋದೆ. ಹೆಂಗಸರು ಚಪಾತಿ ಎಷ್ಟು ದಿನ ಕೆಡದೆ ಇರುತ್ತೆ ಅಂತ ಜಗಳ ಆಡುತ್ತಿದ್ದರು. ಗೋಪೀನಾಥ ಸಾರ್ ಹೆಂಡತಿ ಅಲಮೇಲು ಅಮ್ಮ ಹಡಗಿನಲ್ಲಿ ವಾಂತಿ ಬಂದರೆ ಅಂತ ನಿಂಬೆಕಾಯಿ ಉಪ್ಪಿನಕಾಯಿ ಹಾಕಿಟ್ಟಿದ್ದರು. ಗೋಪೀನಾಥ ಸಾರ್ ಅಟ್ಲಾಸ್ ಬಿಚ್ಚಿ ನೆಲದ ಮೇಲೆ ಹಾಸಿದ್ದರು. ಅದರಲ್ಲಿ ಅಂಡಮಾನ್ ಅನ್ನುವುದು ಯಾರೋ ಸಾಸಿವೆ ಚೆಲ್ಲಿದ ಹಾಗಿತ್ತು. ಅಷ್ಟು ಸಣ್ಣ ಕಾಳಿನಲ್ಲಿ ಒಬ್ಬ ಮನುಷ್ಯ ಹೇಗೆ ಕಳೆದುಹೋಗುತ್ತಾನೆ?

"ಆ ಕಾಡಿನ ಜನ ಬಾಣ ಬಿಡ್ತಾರಂತಲ್ರೀ?" ಅಂತ ಒಬ್ಬರು ಕೇಳಿದರು.

"ಕಿಟಕಿ ಗಾಜು ಏರಿಸ್ಕೊಂಡ್ರಾಯ್ತು," ಅಂದರು ಗೋಪೀನಾಥ ಸಾರ್. "ಬಾಣ ಬೀಳ್ತಿದ್ದಿದ್ದು ರಸ್ತೆ ಕೆಲಸದೋರಿಗಂತೆ. ನಮಗಲ್ಲ." ಹಾಗಂದವರು ನನ್ನ ನೆನಪಾಗಿ ಥಟ್ಟನೆ ಅಟ್ಲಾಸಿನ ಪುಟ ತಿರುಗಿಸಿದರು. ಆಫ್ರಿಕಾ ಬಂತು. ನಾನೇ, "ಸಾರ್, ಸ್ಟೆಪ್ನಿ ಎರಡು ಇಟ್ಕೊಳ್ಳೋಣ, ಕಾಡಲ್ಲಿ ಪಂಕ್ಚರ್ ಅಂಗಡಿ ಇರಲ್ಲ" ಅಂದೆ. "ಹ್ಞೂಂ ಹ್ಞೂಂ, ಭೇಷ್" ಅಂದರು. ಅವರ ಉಸಿರು ಹಗುರಾದದ್ದು ನನಗೆ ಕೇಳಿಸಿತು.

ಗ್ಯಾರೇಜಿನಲ್ಲಿ ಮುನಿಯಣ್ಣ ನನ್ನ ಮುಖ ನೋಡಿ ನಗಾಡಿದ.

"ಏನ್ ಮಗಾ, ಹಡಗು ಹತ್ತೋಕೆ ಹೊಸ ಪ್ಯಾಂಟು ಹೊಲಿಸ್ದಾ?"

"ರಜೆ ಕೊಡ್ತೀಯಾ ಇಲ್ವಾ ಅಣ್ಣ?"

"ನಾನ್ ಕೊಟ್ಟೆ ಕಣೋ. ಅವ್ರು ಕರ್ಕೊಂಡ್ ಹೋಗ್ಬೇಕಲ್ಲ!" ಅವನು ಬೀಡಿ ಹಚ್ಚಿದ. "ಗುರು, ನಿಜ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಅವ್ರಿಗೆ ಡ್ರೈವರ್ ಬೇಕು. ಅಪ್ಪನ್ನ ಕಳ್ಕೊಂಡಿರೋ ಡ್ರೈವರ್ ಬೇಡ. ಕಾಡ್ ಮಧ್ಯೆ ಹೆಂಡ್ರು ಮಕ್ಕಳನ್ನ ವ್ಯಾನಲ್ಲಿ ಕೂರ್ಸಿ ನೀನು ಅಪ್ಪಾ ಅಂತ ಓಡೋದ್ರೆ? ನಾನಾಗಿದ್ರೂ ಹೆದರ್ತಿದ್ದೆ. ಯಾಕ್ ಹೇಳೋಕ್ ಹೋದೆ ನೀನು?"

"ಹೇಳ್ದೆ ಇದ್ರೆ ಗಾಡಿ ನಿಲ್ಲಿಸ್ತಿದ್ರಾ?"

"ಹೇಳಿದ್ಮೇಲೆ ನಿಲ್ಲಿಸ್ತಾರಾ?"

ಕೈಯಲ್ಲಿದ್ದ ಜಾಕಿಯನ್ನು ನೆಲಕ್ಕೆ ಎಸೆದೆ. ಸಿಮೆಂಟು ಕಿತ್ತು ಬಂತು. ಮುನಿಯಣ್ಣ ಬೀಡಿ ಸೇದಿದ. ಅವನ ಮಾತು ಸುಳ್ಳಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಅತ್ತಿಗುಪ್ಪೆಯಲ್ಲಿ ನಮ್ಮದು ಶೀಟಿನ ಮನೆ. ಅಮ್ಮ ಬಾಗಿಲಿನ ಬೆಳಕಿಗೆ ಮಣೆ ಹಾಕಿಕೊಂಡು ಊದುಬತ್ತಿ ಹೊಸೆಯುತ್ತಿದ್ದಳು. ಇದ್ದಿಲಿನ ಹಿಟ್ಟು ಹತ್ತಿ ಅವಳ ಅಂಗೈ ಯಾವಾಗಲೂ ಕಪ್ಪು. ತಿಕ್ಕಿದರೂ ಹೋಗುವುದಿಲ್ಲ. ಆ ಕೈಯಲ್ಲೇ ಬೆಳಿಗ್ಗೆ ಹಣೆಗೆ ಕಾಸಗಲ ಕುಂಕುಮ ಇಡುತ್ತಾಳೆ. ಕುಂಕುಮದ ಸುತ್ತ ಒಂದು ಕಪ್ಪು ನೆರಳು ಉಳಿಯುತ್ತದೆ. ಬೀದಿಯ ಹೆಂಗಸರಲ್ಲಿ ಅರ್ಧ ಜನ ಅವಳನ್ನು ಅರಿಶಿನ ಕುಂಕುಮಕ್ಕೆ ಕರೆಯುತ್ತಾರೆ, ಇನ್ನರ್ಧ ಜನ ಕರೆಯುವುದಿಲ್ಲ. ಕರೆಯದವರ ಮೇಲೆ ಅವಳಿಗೆ ಸಿಟ್ಟಿಲ್ಲ. ಕರೆದವರ ಮನೆಯಲ್ಲಿ ಬಾಗಿಲ ಹತ್ತಿರ ಕೂತು, ಕೊಟ್ಟದ್ದು ತೆಗೆದುಕೊಂಡು, ಬೇಗ ಎದ್ದು ಬರುತ್ತಾಳೆ. ಗಂಡನ ಹೆಸರನ್ನು ಅವಳು ಯಾವತ್ತೂ ಬಾಯಲ್ಲಿ ಹೇಳಿದವಳಲ್ಲ. ನಮ್ಮ ಮನೆಯಲ್ಲಿ ಆ ಹೆಸರು ಹೇಳಬಲ್ಲವನು ನಾನೊಬ್ಬನೇ.

"ಹೊರಡೋದು ನಿಜವೇನೋ?" ಅಂತ ತಲೆ ಎತ್ತದೆ ಕೇಳಿದಳು.

"ನಿಜ ಕಣಮ್ಮ. ರಂಗತ್‌ನಲ್ಲಿ ಒಂದಿನ ಸಿಕ್ಕಿದ್ರೆ ಸಾಕು. ವಿಚಾರಿಸ್ಕೊಂಡ್ ಬಂದ್ಬಿಡ್ತೀನಿ."

"ಬಂದು ನಂಗೇನಂತ ಹೇಳ್ತೀಯ?"

"ಇದ್ದಿದ್ದು ಇದ್ದಂಗೆ."

ಅವಳ ಕೈ ನಿಂತಿತು. "ಇದ್ದಿದ್ದು ಇದ್ದಂಗೆ! ಇಲ್ಲ ಅಂತ ಬಂದು ಹೇಳಿದ್ರೆ ನಾನಿದನ್ನ ಅಳಿಸ್ಬೇಕು." ಹಣೆ ತೋರಿಸಿದಳು. "ಬದುಕವ್ರೆ ಅಂತ ಹೇಳಿದ್ರೆ, ಅಲ್ಲಿ ಇನ್ನೊಬ್ಳು ಇದನ್ನ ಇಟ್ಕೊಂಡವ್ಳೆ ಅಂತ ಅರ್ಥ. ಕೈಕಾಲು ಗಟ್ಟಿ ಇರೋ ಗಂಡಸು ಸುಮ್ಮಸುಮ್ನೆ ಬರದಂಗಿರ್ತಾನಾ? ಇವೆರಡ್ರಲ್ಲಿ ಯಾವ್ದನ್ನ ತಂದ್ಕೊಡ್ತೀಯ ನಂಗೆ, ಹಬ್ಬದ ಸೀರೆ ತಂದಂಗೆ?"

ಇಷ್ಟು ವರ್ಷ ಅಪ್ಪ ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದವನು ನಾನು. ಸಿಕ್ಕಿದರೂ ಸರಿಹೋಗದ ಲೆಕ್ಕವನ್ನು ಅಮ್ಮ ಎಂದೋ ಮುಗಿಸಿ ಕೂತಿದ್ದಳು.

"ಹೋಗ್ಬೇಡ ಅನ್ನಲ್ಲ," ಅಂದಳು, ಮತ್ತೆ ಕಡ್ಡಿ ಹೊಸೆಯುತ್ತಾ. "ಮಗ ನೀನು, ನೋಡ್ಬೇಕು. ನೋಡಿ ನಿನ್ ಹೊಟ್ಟೇಲಿ ಇಟ್ಕೋ. ನಂಗೆ ಮಾತ್ರ, ರಸ್ತೆ ಕೆಲ್ಸ ಇನ್ನೂ ಮುಗ್ದಿಲ್ವಂತೆ ಅನ್ನು, ಸಾಕು. ಆದ್ರೆ ಬೇರೆಯವ್ರ ಬಾಯಿಗೆ ಮಾತ್ರ ಹಾಕ್ಬೇಡ ಕಣೋ. ಆ ಮಾತು ಯಾರ್ ಯಾರ್ದೋ ಬಾಯಿಂದ ನಮ್ ಬೀದಿಗೆ ಬಂದ್ರೆ ನಾನ್ ಉಳಿಯಲ್ಲ."

"ಯಾರ ಬಾಯಿಗೂ ಹಾಕಲ್ಲಮ್ಮ. ನಾನೇ ಹೋಗ್ತೀನಿ."

"ಹ್ಞೂಂ," ಅಂದಳು.

ಹೊರಡುವುದಕ್ಕೆ ಮುಂಚಿನ ಕೊನೆಯ ಭಾನುವಾರ ಮತ್ತೆ ವರಾಂಡಕ್ಕೆ ಹೋದೆ. ಟೀವಿಯಲ್ಲಿ ಭಾನುವಾರದ ಸಿನಿಮಾ ಮುಗಿದಿತ್ತು. ಪುರುಷೋತ್ತಮ ಸಾರ್ ಪಕ್ಕದ ಕುರ್ಚಿಯಲ್ಲಿ ಹೊಸಬನೊಬ್ಬ ಕೂತಿದ್ದ. ಕೂಲಿಂಗ್ ಗ್ಲಾಸು, ಬೆರಳಲ್ಲಿ ತಿರುಗಿಸುತ್ತಿದ್ದ ಕಾರಿನ ಕೀ. ನನ್ನ ಕಡೆ ಯಾರೂ ನೇರವಾಗಿ ನೋಡಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ.

ಪುರುಷೋತ್ತಮ ಸಾರ್ ವ್ಯಾನಿನಲ್ಲಿ ಯಾರು ಎಲ್ಲಿ ಕೂರಬೇಕು ಅಂತ ಗಟ್ಟಿಯಾಗಿ ಹೇಳತೊಡಗಿದರು. ವಾಂತಿ ಆಗುವವರು ಕಿಟಕಿ ಪಕ್ಕ, ಮಕ್ಕಳು ಮಧ್ಯೆ, ಸಾಮಾನು ಹಿಂದೆ. ಸ್ಟೆಪ್ನಿ ಎರಡು. ಅದೆಲ್ಲ ನಾನು ಹೇಳಿಕೊಟ್ಟದ್ದೇ. "ಸ್ಟೇರಿಂಗಿಗೆ ನಮ್ಮ ಭಾವಮೈದ," ಅಂತ ಹೊಸಬನ ಭುಜ ತಟ್ಟಿದರು. "ಮನೆ ಹುಡುಗ ಇರೋವಾಗ ಹೊರಗಿನವರು ಯಾಕೆ, ಅಲ್ವಾ?"

ಎಲ್ಲರೂ ಹೌದು ಹೌದು ಅಂದರು. ಅವರಿಗೆ ಈ ವಿಷಯ ಮೊದಲೇ ಗೊತ್ತಿತ್ತು ಅನ್ನುವುದು ಆ ಹೌದಿನಲ್ಲೇ ಇತ್ತು. ನನಗೆ ಹೇಳುವ ಕೆಲಸವನ್ನು ಒಬ್ಬರು ಇನ್ನೊಬ್ಬರ ಮೇಲೆ ಹಾಕಿ ಸುಮ್ಮನಾಗಿದ್ದರು.

"ಸಾರ್," ಅಂದೆ. "ಸಾರ್, ಗಾಡಿ ಅವ್ರೇ ಓಡಿಸ್ಲಿ. ನಾನು ಸಾಮಾನು ಹೊರ್ತೀನಿ, ಪಾತ್ರೆ ತೊಳೀತೀನಿ. ಹಿಂದೆ ಮೂಟೆ ಮೇಲೆ ಕೂರ್ತೀನಿ. ರಂಗತ್‌ನಲ್ಲಿ ನಿಲ್ಲಿಸೋದೂ ಬೇಡ, ನನ್ನ ಇಳಿಸ್ಬಿಟ್ಟು ಹೋಗಿ."

"ಇಳಿಸ್ಬಿಟ್ಟು ಹೋಗಿ, ಆಮೇಲೆ ನಿನ್ನನ್ನೂ ದೀಪ ಹಿಡ್ಕೊಂಡು ಹುಡುಕ್ಬೇಕಾ?" ಅಂದರು ಪುರುಷೋತ್ತಮ ಸಾರ್. ಭಾವಮೈದ ಕಿಸಕ್ಕೆಂದ. "ಜಾಗ ಇಲ್ಲ ಕಣಪ್ಪಾ. ಮುಂದಿನ ಸಲ ನೋಡೋಣ."

ಅಂಡಮಾನಿಗೆ ಮುಂದಿನ ಸಲ ಯಾರು ಹೋಗುತ್ತಾರೆ? ಎರಡು ಕೈಯಲ್ಲೂ ಮೆಟ್ಟಿಲಿನ ಅಂಚು ಹಿಡಿದುಕೊಂಡೆ. ಬಿಟ್ಟರೆ ಆ ಕೈಗಳು ಎಲ್ಲಿಗೆ ಹೋಗುತ್ತವೆ ಅಂತ ನನಗೆ ಗೊತ್ತಿತ್ತು.

ಆಗ ಅಲಮೇಲು ಅಮ್ಮ ಒಳಗಿನಿಂದ ಬಂದರು. ಅವರ ಕಣ್ಣಲ್ಲಿ ನೀರಿತ್ತು. ಅವರು ಕೆಟ್ಟವರಲ್ಲ. "ಪಾಪ ರೀ, ಆ ಹುಡುಗ ಎಷ್ಟು ದಿನದಿಂದ ಆಸೆಯಿಂದ ಓಡಾಡ್ತಿದಾನೆ. ಕರ್ಕೊಂಡು ಹೋಗೋಕಾಗದಿದ್ರೆ ಹೋಗ್ಲಿ, ಅವರಪ್ಪನ್ನ ನೀವೇ ವಿಚಾರಿಸ್ಕೊಂಡು ಬನ್ನಿ. ಹೇಗೂ ಆ ಊರಿನ ಮೇಲೇ ಹೋಗ್ತೀವಲ್ಲ? ಆ ತಾಯಿಗೂ ಒಂದು ಸಮಾಧಾನ ಆಗುತ್ತೆ."

"ಅದೇನ್ ದೊಡ್ಡ ವಿಷಯ, ಖಂಡಿತ," ಅಂದರು ಗೋಪೀನಾಥ ಸಾರ್. "ನಾವೇ ಮನೆಗೆ ಬಂದು ತಿಳಿಸ್ತೀವಿ."

ಪುರುಷೋತ್ತಮ ಸಾರ್ ಜೇಬಿನಿಂದ ಪೆನ್ನು ತೆಗೆದರು. ಕ್ಯಾಪು ಬಿಚ್ಚಿ, ಸಿಗರೇಟು ಪ್ಯಾಕಿನ ಹಿಂದೆ ಬರೆಯಲು ಹಿಡಿದರು. ಈ ಸಲ ದನಿಯಲ್ಲಿ ಗೇಲಿ ಇರಲಿಲ್ಲ. ನಿಜವಾಗಿಯೂ ಕೇಳಿದರು.

"ಹೇಳೋ. ನಿಮ್ಮಪ್ಪನ ಹೆಸರೇನು?"

ಹೆಸರು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿದರೆ ಯಾರೋ ಯಾರನ್ನೋ ಕೇಳುತ್ತಾರೆ. ಏನೋ ಒಂದು ಉತ್ತರ ಹಡಗು ಹತ್ತಿ, ರೈಲು ಹತ್ತಿ ಇದೇ ವರಾಂಡಕ್ಕೆ ಬರುತ್ತದೆ. ಬೋಂಡದ ತಟ್ಟೆಯ ಸುತ್ತ ಒಂದು ಸುತ್ತು ತಿರುಗಿ, ಅಯ್ಯೋ ಪಾಪ ಅನ್ನಿಸಿಕೊಂಡು, ಆಮೇಲೆ ಅತ್ತಿಗುಪ್ಪೆಯ ನಮ್ಮ ಬಾಗಿಲಿಗೆ ಬಂದು, ಮಣೆಯ ಮುಂದೆ ಕೂತ ಅಮ್ಮನ ಹಣೆ ನೋಡುತ್ತದೆ. ಹೇಳದಿದ್ದರೆ ಅಪ್ಪ ಇವತ್ತಿಗೆ ಮುಗಿದ. ಇನ್ನು ಯಾರೂ ಅವನನ್ನು ಹುಡುಕುವುದಿಲ್ಲ.

"ಹೇಳಪ್ಪಾ," ಅಂದರು ಅಲಮೇಲು ಅಮ್ಮ ಮೆತ್ತಗೆ.

ಎದ್ದೆ. ಅಷ್ಟೊಂದು ಚಪ್ಪಲಿಗಳ ನಡುವೆ ನನ್ನದನ್ನು ಹುಡುಕಿ ಮೆಟ್ಟಿಕೊಂಡೆ. ಗೇಟಿನ ಚಿಲಕ ತೆಗೆದೆ.

"ಲೋ ಗಿರಿ! ಹೆಸರಾದ್ರೂ ಗೊತ್ತೇನೋ ನಿಂಗೆ?" ಅಂತ ಪುರುಷೋತ್ತಮ ಸಾರ್ ಹಿಂದಿನಿಂದ ಕೂಗಿದರು. ಯಾರೋ ನಕ್ಕರು, ಯಾರೋ ಶ್ ಅಂದರು.

ನಾನು ತಿರುಗಿ ನೋಡದೆ ಮಾಗಡಿ ರೋಡಿನ ಕಡೆ ನಡೆದೆ.